ಮಿಂಚುಪುಡಿಯ ಕಾಲದ ವಾರಪತ್ರಿಕೆಗಳನ್ನು ಓದುವ ಬಗೆ

ಪ್ರಶ್ನೆ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸದಲ್ಲಿದ್ದ ನಮ್ಮ ಸೋದರಮಾವ 1971ರಿಂದ 1974ರವರೆಗಿನ ‘ಮೆಲೊಡಿ ಮೇಕರ್’ ಮತ್ತು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಸಂಗೀತ ವಾರಪತ್ರಿಕೆಗಳ ಸಂಚಿಕೆಗಳನ್ನು ಟ್ರಂಕಿನಲ್ಲಿ ಕೂಡಿಟ್ಟಿದ್ದರು. ಈಗ ಅವು ಧಾರವಾಡದ ನಮ್ಮ ಮನೆ ಸೇರಿವೆ. ಮಿಂಚುವ ವೇಷ, ಮುಖಬಣ್ಣಗಳ ಆ ಕಾಲದ ಬ್ರಿಟಿಷ್ ರಾಕ್ ಸಂಗೀತವಾದ ‘ಗ್ಲ್ಯಾಮ್ ರಾಕ್’ ಕುರಿತು ಅವುಗಳ ಆಧಾರದಿಂದ ಒಂದು ಲೇಖನ ಬರೆಯಬೇಕೆಂದಿದ್ದೇನೆ. ಮೂರು ಸಂದೇಹಗಳಿವೆ. ಗಾಯಕ ಡೇವಿಡ್ ಬೋವಿಯ ‘ಜಿಗ್ಗಿ ಸ್ಟಾರ್‌ಡಸ್ಟ್’ ಎಲ್‌ಪಿ (ಹಲವು ಹಾಡುಗಳ ದೊಡ್ಡ ರೆಕಾರ್ಡು) ಬಿಡುಗಡೆಯಾದದ್ದು 1972ರ ಜೂನ್ 6ರಂದೋ 16ರಂದೋ? ಒಂದೇ ಹಾಡಿಗೆ ಒಂದೊಂದು ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಒಂದೊಂದು ಸ್ಥಾನ ಏಕೆ? ಎಲ್ಲರೂ ಮುಖಕ್ಕೆ ಮಿಂಚು ಬಳಿದುಕೊಂಡವರೇ ಆಗಿರುವಾಗ ಬೋವಿಗೆ ಪುಟಗಟ್ಟಲೆ ಗೌರವ, ‘ದ ಸ್ವೀಟ್’ನಂಥ ತಂಡಕ್ಕೆ ಎರಡು ಸಾಲಿನ ಕುಹಕ ಏಕೆ? ಈ ಬರಹಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಮೊದಲೆರಡು ಸಂದೇಹಗಳನ್ನು ಬೇಗ ಪರಿಹರಿಸಬಹುದು. ಮೂರನೆಯದು ನಿಮ್ಮ ಲೇಖನದ ಜೀವಾಳವೇ ಆಗಬಹುದಾದ್ದರಿಂದ ಅದಕ್ಕೆ ಹೆಚ್ಚು ಸ್ಥಳ ಕೊಡುತ್ತೇನೆ.

ಜೂನ್ 16 ಎಂದು ಬರೆಯಿರಿ. ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಜೂನ್ 6 ಎಂಬ ದಿನಾಂಕವೇ ಸಾಗಿಬಂದಿತ್ತು. ಮುಂದಿನ ಸಂಶೋಧಕರು ಅದನ್ನು ತಿದ್ದಿದರು, ಬೋವಿಯ ಅಧಿಕೃತ ಜಾಲತಾಣವೂ ತಿದ್ದುಪಡಿಯನ್ನು ಒಪ್ಪಿಕೊಂಡಿದೆ. ಆ ಕಾಲದ ಬ್ರಿಟನ್ನಿನಲ್ಲಿ ರೆಕಾರ್ಡುಗಳು ಸಾಮಾನ್ಯವಾಗಿ ಶುಕ್ರವಾರ ಅಂಗಡಿಗೆ ಬರುತ್ತಿದ್ದವು. 1972ರ ಜೂನ್ 16 ಶುಕ್ರವಾರ, ಜೂನ್ 6 ಮಂಗಳವಾರ. ಪಂಚಾಂಗ ನೋಡುವ ಈ ಸಣ್ಣ ಅಭ್ಯಾಸ ನಿಮ್ಮನ್ನು ಹಲವು ತಪ್ಪುಗಳಿಂದ ಉಳಿಸುತ್ತದೆ.

ದಿನಾಂಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಿಮ್ಮ ಸಂಚಿಕೆಗಳ ಮುಖಪುಟದಲ್ಲಿರುವ ದಿನಾಂಕ ಶನಿವಾರದ್ದು. ಪತ್ರಿಕೆ ಅಂಗಡಿಗೆ ಬರುತ್ತಿದ್ದದ್ದು ಅದಕ್ಕೆ ಎರಡು ದಿನ ಮೊದಲು, ಗುರುವಾರ. ಬರಹ ಅಚ್ಚಿಗೆ ಹೋಗಿರುತ್ತಿದ್ದದ್ದು ಅದಕ್ಕೂ ಮೊದಲು. ಆದ್ದರಿಂದ ವಿಮರ್ಶೆ ಪ್ರಕಟವಾದ ದಿನ, ರೆಕಾರ್ಡು ಬಿಡುಗಡೆಯಾದ ದಿನ, ಜನ ಅದನ್ನು ಕೊಳ್ಳತೊಡಗಿದ ದಿನ ಇವು ಮೂರೂ ಬೇರೆಬೇರೆ ಎಂದು ಭಾವಿಸಿಯೇ ಓದಬೇಕು. ಕೆಲವೊಮ್ಮೆ ಇವುಗಳ ನಡುವೆ ತಿಂಗಳುಗಳೇ ಸರಿದುಹೋಗುತ್ತಿದ್ದವು. ಟಿ. ರೆಕ್ಸ್ ತಂಡದ ‘ರೈಡ್ ಎ ವೈಟ್ ಸ್ವಾನ್’ 1970ರ ಅಕ್ಟೋಬರಿನಲ್ಲಿ ಬಂದಿತು. ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಎರಡನೆಯ ಸ್ಥಾನ ಮುಟ್ಟಿದ್ದು 1971ರ ಜನವರಿಯಲ್ಲಿ. ಅದನ್ನು ಮೊದಲ ಸ್ಥಾನದಿಂದ ತಡೆದದ್ದು ಕ್ಲೈವ್ ಡನ್ ಎಂಬ ಹಾಸ್ಯನಟ ಅಜ್ಜನ ವೇಷದಲ್ಲಿ ಹಾಡಿದ ‘ಗ್ರ್ಯಾಂಡ್‌ಡ್ಯಾಡ್’. ಗ್ಲ್ಯಾಮ್ ಯುಗದ ಬಾಗಿಲಿಗೆ ಒಬ್ಬ ಅಜ್ಜ ಅಡ್ಡ ಕುಳಿತಿದ್ದನೆಂಬುದು ನನಗೆ ಇಂದಿಗೂ ನಗು ತರಿಸುವ ಸಂಗತಿ. ಬೋವಿಯ ‘ಸ್ಟಾರ್‌ಮ್ಯಾನ್’ ಕೂಡ 1972ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾಗಿ, ಜುಲೈ 6ರಂದು ಬಿಬಿಸಿ ಟೆಲಿವಿಷನ್ನಿನ ಹಾಡುಗಳ ಕಾರ್ಯಕ್ರಮ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ಕಾಣಿಸಿಕೊಂಡ ಮೇಲಷ್ಟೇ ಮನೆಮಾತಾಯಿತು, ಅಷ್ಟಾದರೂ ಹತ್ತನೆಯ ಸ್ಥಾನದಿಂದ ಮೇಲೇರಲಿಲ್ಲ.

ಪಟ್ಟಿಗಳ ಗೊಂದಲಕ್ಕೆ ಕಾರಣ ಸರಳವಾಗಿದೆ. ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡುಗಳ) ಪಟ್ಟಿಯನ್ನು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ 1952ರ ನವೆಂಬರಿನಲ್ಲಿ ಪ್ರಕಟಿಸಿತು. ಕೆಲವು ಅಂಗಡಿಗಳಿಗೆ ಫೋನ್ ಮಾಡಿ, ಏನೇನು ಮಾರಾಟವಾಯಿತೆಂದು ಕೇಳಿ ಸಿದ್ಧಪಡಿಸಿದ ಹನ್ನೆರಡು ಸ್ಥಾನಗಳ ಪಟ್ಟಿ ಅದು. ಆಮೇಲೆ ‘ಮೆಲೊಡಿ ಮೇಕರ್’ ತನ್ನದೇ ಪಟ್ಟಿ ಆರಂಭಿಸಿತು, ವ್ಯಾಪಾರಿಗಳ ಪತ್ರಿಕೆಯಾದ ‘ರೆಕಾರ್ಡ್ ರಿಟೇಲರ್’ ತನ್ನದನ್ನು ಆರಂಭಿಸಿತು. ಪ್ರತಿಯೊಂದಕ್ಕೂ ಅಂಗಡಿಗಳು ಬೇರೆ, ಎಣಿಕೆಯ ಕ್ರಮ ಬೇರೆ. ಬೀಟಲ್ಸ್‌ರ ‘ಪ್ಲೀಸ್ ಪ್ಲೀಸ್ ಮಿ’ 1963ರಲ್ಲಿ ಈ ಎರಡು ವಾರಪತ್ರಿಕೆಗಳಲ್ಲಿ ಮೊದಲ ಸ್ಥಾನಕ್ಕೇರಿತ್ತು, ‘ರೆಕಾರ್ಡ್ ರಿಟೇಲರ್’ನಲ್ಲಿ ಎರಡರಲ್ಲೇ ನಿಂತಿತ್ತು. 1969ರ ಫೆಬ್ರವರಿಯಿಂದ ಬಿಬಿಸಿ ಮತ್ತು ‘ರೆಕಾರ್ಡ್ ರಿಟೇಲರ್’ ಸೇರಿ ಒಂದು ಸಮೀಕ್ಷಾ ಸಂಸ್ಥೆಗೆ ಈ ಕೆಲಸ ವಹಿಸಿದವು. ಇಂದಿನ ಆಕರಗ್ರಂಥಗಳಲ್ಲಿರುವುದು ಈ ಪಟ್ಟಿಯ ಅಂಕಿ. ಆದರೆ ನಿಮ್ಮ ಟ್ರಂಕಿನ ಎರಡೂ ಪತ್ರಿಕೆಗಳು ಆಮೇಲೂ ತಮ್ಮ ತಮ್ಮ ಪಟ್ಟಿಗಳನ್ನು ಬಿಡಲಿಲ್ಲ. ಹಾಗಾಗಿ ಅಲ್ಲಿ ಬೇರೆ ಸ್ಥಾನ ಕಂಡರೆ ಅದನ್ನು ಅಚ್ಚಿನ ತಪ್ಪೆಂದು ತಿದ್ದಲು ಹೋಗದೆ, ಯಾವ ಪಟ್ಟಿ ಎಂಬುದನ್ನು ಸ್ಥಾನದ ಜೊತೆಗೇ ಬರೆಯಿರಿ. ನಾನು ಇಲ್ಲಿ ಕೊಡುತ್ತಿರುವುದೆಲ್ಲ ಈಗ ಅಧಿಕೃತವೆಂದು ಒಪ್ಪಿಕೊಂಡಿರುವ ಪಟ್ಟಿಯ ಸ್ಥಾನಗಳು.

ಇನ್ನು ಮೂರನೆಯ ಪ್ರಶ್ನೆ. ಎರಡು ರೆಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಬೋವಿಯ ‘ದ ಜೀನ್ ಜೀನಿ’ 1972ರ ನವೆಂಬರ್ ಕೊನೆಯಲ್ಲಿ ಆರ್‌ಸಿಎ ಕಂಪನಿಯಿಂದ ಹೊರಬಂದಿತು. ದ ಸ್ವೀಟ್ ತಂಡದ ‘ಬ್ಲಾಕ್‌ಬಸ್ಟರ್’ 1973ರ ಜನವರಿಯಲ್ಲಿ ಅದೇ ಕಂಪನಿಯಿಂದಲೇ ಬಂದಿತು. ಮೊದಲನೆಯದರ ಸಂಖ್ಯೆ ಆರ್‌ಸಿಎ 2302, ಎರಡನೆಯದರದು ಆರ್‌ಸಿಎ 2305. ಎರಡರಲ್ಲೂ ಗಿಟಾರು ಮತ್ತೆ ಮತ್ತೆ ಬಾರಿಸುವ ಮೂಲ ತುಣುಕು ಹೆಚ್ಚುಕಡಿಮೆ ಒಂದೇ. ಅದು ಇಬ್ಬರ ಸ್ವಂತದ್ದೂ ಅಲ್ಲ. ಅಮೆರಿಕದ ಗಾಯಕ ಬೋ ಡಿಡ್ಲಿಯ ‘ಐಯಾಮ್ ಎ ಮ್ಯಾನ್’ನಿಂದ, ಅದನ್ನು ಅರುವತ್ತರ ದಶಕದಲ್ಲಿ ನುಡಿಸಿದ ಯಾರ್ಡ್‌ಬರ್ಡ್ಸ್ ತಂಡದ ಮೂಲಕ ಹರಿದು ಬಂದದ್ದು. ಆ ಜನವರಿಯಲ್ಲಿ ಬೋವಿ ಎರಡನೆಯ ಸ್ಥಾನದವರೆಗೆ ಬಂದರೆ, ಸ್ವೀಟ್ ಮೊದಲ ಸ್ಥಾನಕ್ಕೇರಿ ಐದು ವಾರ ಅಲ್ಲೇ ಕುಳಿತಿತು. ಕಂಪನಿ ಒಂದೇ, ಚಳಿಗಾಲ ಒಂದೇ, ಬೇರೂ ಒಂದೇ. ಆದರೂ ಒಂದನ್ನು ಫ್ರೆಂಚ್ ಲೇಖಕ ಜ್ಯಾನ್ ಜೆನೆಯ ಹೆಸರಿನ ಮೇಲಿನ ಶ್ಲೇಷೆ ಎಂದು ಬಿಡಿಸಿ ನೋಡಿದರು, ಇನ್ನೊಂದನ್ನು ಮಕ್ಕಳ ಮಿಠಾಯಿ ಎಂದು ಬದಿಗೆ ಸರಿಸಿದರು.

ಇದನ್ನು ಬರೀ ಪಕ್ಷಪಾತವೆಂದು ಕರೆದು ಸುಮ್ಮನಾಗಬಾರದು. ಅದರ ಹಿಂದೆ ಒಂದು ಮಾರುಕಟ್ಟೆಯ ಲೆಕ್ಕವಿತ್ತು, ಒಂದು ವಯಸ್ಸಿನ ಲೆಕ್ಕವೂ ಇತ್ತು. ‘ಮೆಲೊಡಿ ಮೇಕರ್’ 1926ರಲ್ಲಿ ಹುಟ್ಟಿದ್ದು ವಾದ್ಯಗಾರರಿಗಾಗಿ. ಜಾಝ್ ಮತ್ತು ನೃತ್ಯವಾದ್ಯವೃಂದಗಳ ಕಾಲದ ಆ ಸ್ವಭಾವ 1971ರಲ್ಲೂ ಹೋಗಿರಲಿಲ್ಲ. ನಿಮ್ಮ ಸಂಚಿಕೆಗಳ ಹಿಂಬದಿಯ ಪುಟಗಳಲ್ಲಿ ‘ಗಿಟಾರ್ ನುಡಿಸುವವರು ಬೇಕಾಗಿದ್ದಾರೆ’ ಎಂಬಂಥ ಸಣ್ಣ ಜಾಹೀರಾತುಗಳು ತುಂಬಿರುವುದನ್ನು ನೋಡಿರುತ್ತೀರಿ. ಅಂಥ ಓದುಗರಿಗೆ ಸಂಗೀತದ ಅಳತೆಗೋಲು ಕೈಚಳಕ. ಉದ್ದನೆಯ ಸ್ವರವಿಸ್ತಾರವಿರುವ ಎಲ್‌ಪಿಯೇ ಗಂಭೀರ ಕೃತಿ. ಮೂರು ನಿಮಿಷದ ಸಿಂಗಲ್ ಎಂದರೆ ಚಿಲ್ಲರೆ ವ್ಯಾಪಾರ. ಲೆಡ್ ಜೆಪ್ಲಿನ್ ತಂಡ ಬ್ರಿಟನ್ನಿನಲ್ಲಿ ಸಿಂಗಲ್ಸ್ ಹೊರತರುವುದಿಲ್ಲವೆಂದು ಹಠ ಹಿಡಿದದ್ದು ಇದೇ ಹವೆಯಲ್ಲಿ. ಗ್ಲ್ಯಾಮ್ ಹುಟ್ಟಿದ್ದು ಮಾತ್ರ ಸಿಂಗಲ್ಸ್‌ನಲ್ಲಿ, ಗುರುವಾರ ಸಂಜೆಯ ಟೆಲಿವಿಷನ್ನಿನಲ್ಲಿ, ಜೇಬುಖರ್ಚು ಉಳಿಸಿ ರೆಕಾರ್ಡು ಕೊಳ್ಳುತ್ತಿದ್ದ ಶಾಲಾಮಕ್ಕಳ ಕೈಯಲ್ಲಿ. ಬರೆಯುತ್ತಿದ್ದವರು ಹೆಚ್ಚಾಗಿ ಇಪ್ಪತ್ತರ ಹರೆಯದ ಗಂಡಸರು. ಕೊಳ್ಳುತ್ತಿದ್ದವರಲ್ಲಿ ದೊಡ್ಡ ಪಾಲು ಹದಿಹರೆಯದ ಹುಡುಗಿಯರು. ವಿಮರ್ಶೆಯ ಕುಹಕದಲ್ಲಿ ಸಂಗೀತಕ್ಕಿಂತ ಹೆಚ್ಚಾಗಿ ಆ ಹುಡುಗಿಯರ ಬಗೆಗಿನ ತಾತ್ಸಾರವೇ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಾರ್ಕ್ ಬೋಲನ್ನನ ಪ್ರಕರಣದಲ್ಲಿ. ಅರುವತ್ತರ ದಶಕದ ಕೊನೆಯಲ್ಲಿ ಆತ ‘ಟೈರನೊಸಾರಸ್ ರೆಕ್ಸ್’ ಎಂಬ ಉದ್ದ ಹೆಸರಿನ ಜೋಡಿಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ತಂತಿವಾದ್ಯ ಮೀಟುತ್ತ, ಮಾಂತ್ರಿಕರ ಕಥೆ ಹಾಡುತ್ತಿದ್ದ ಕವಿ. ಬಿಬಿಸಿಯ ಜಾನ್ ಪೀಲ್ ಅವರು ಆತನನ್ನು ತಮ್ಮ ರೇಡಿಯೊ ಕಾರ್ಯಕ್ರಮಗಳಲ್ಲಿ ಬೆಂಬಲಿಸಿದರು. ಕೇಳುಗರ ಬಳಗ ಚಿಕ್ಕದು, ಗೌರವ ದೊಡ್ಡದು. 1970ರಲ್ಲಿ ತಂಡದ ಹೆಸರು ಟಿ. ರೆಕ್ಸ್ ಎಂದು ಕಿರಿದಾಯಿತು, ವಿದ್ಯುತ್ ಗಿಟಾರು ಮುಂದೆ ಬಂದಿತು. 1971ರ ಮಾರ್ಚಿನಲ್ಲಿ ‘ಹಾಟ್ ಲವ್’ ಆರು ವಾರ ಮೊದಲ ಸ್ಥಾನದಲ್ಲಿ ನಿಂತಿತು, ಅದರ ಟೆಲಿವಿಷನ್ ಪ್ರಸಾರಕ್ಕಾಗಿ ಬೋಲನ್ ಕಣ್ಣಿನ ಕೆಳಗೆ ಮಿಂಚುಪುಡಿ ಹಚ್ಚಿಕೊಂಡು ಬಂದ. ಗ್ಲ್ಯಾಮ್ ಅಲ್ಲಿಂದಲೇ ಆರಂಭವಾಯಿತೆಂದು ಹೇಳುವುದು ರೂಢಿ, ಆ ರೂಢಿ ತಪ್ಪಲ್ಲ. ಅದೇ ವರ್ಷದ ಬೇಸಿಗೆಯ ‘ಗೆಟ್ ಇಟ್ ಆನ್’ ಹೊತ್ತಿಗೆ ಪೀಲ್ ದೂರ ಸರಿದಿದ್ದರು. ಹಳೆಯ ಅಭಿಮಾನಿಗಳ ಕಣ್ಣಿಗೆ ಆತ ತನ್ನನ್ನು ಮಾರಿಕೊಂಡವನಾದ. ಶಾಲಾಮಕ್ಕಳ ಕಣ್ಣಿಗೆ ಆಗಷ್ಟೇ ಹುಟ್ಟಿದವನಾದ. 1972ರ ಮಾರ್ಚ್ 18ರಂದು ವೆಂಬ್ಲಿಯ ದೊಡ್ಡ ಸಭಾಂಗಣವಾದ ಎಂಪೈರ್ ಪೂಲ್‌ನಲ್ಲಿ ನಡೆದ ಕಾರ್ಯಕ್ರಮಗಳನ್ನು ರಿಂಗೊ ಸ್ಟಾರ್ ಚಿತ್ರೀಕರಿಸಿದಾಗ ಪತ್ರಿಕೆಗಳು ಬೀಟಲ್ಸ್ ಕಾಲದ ಹುಚ್ಚು ಮರಳಿತೆಂದು ಬರೆದವು. ಆ ಉನ್ಮಾದಕ್ಕೆ, ಹರ್ಷೋನ್ಮಾದ ಎಂಬರ್ಥದ ‘ಎಕ್‌ಸ್ಟಸಿ’ ಪದದೊಡನೆ ತಂಡದ ಹೆಸರು ಬೆರೆಸಿ, ‘ಟಿ. ರೆಕ್‌ಸ್ಟಸಿ’ ಎಂದು ಹೆಸರಿಟ್ಟದ್ದು ಬೋಲನ್ನನ ಸ್ವಂತ ಪ್ರಚಾರಕ ಬಿ. ಪಿ. ಫ್ಯಾಲನ್. ಎಂದರೆ, ನಿಮ್ಮ ಸಂಚಿಕೆಗಳಲ್ಲಿ ಈ ಪದ ಕಂಡಲ್ಲೆಲ್ಲ ಪತ್ರಿಕೆ ಹೊರಗಿನಿಂದ ನಿಂತು ನೋಡುತ್ತಿಲ್ಲ, ಪ್ರಚಾರಕನ ಮಾತನ್ನು ಎರವಲು ಪಡೆದು ಆಡುತ್ತಿದೆ ಎಂದು ಗುರುತು ಹಾಕಿಕೊಳ್ಳಬಹುದು. ಬೋಲನ್ನನ ಸಂದರ್ಶನಗಳನ್ನು ಓದುವಾಗಲೂ ಕೈಗೆ ಚಿಟಿಕೆ ಉಪ್ಪು ಇರಲಿ. ಪ್ಯಾರಿಸ್ಸಿನಲ್ಲಿ ಮಾಂತ್ರಿಕನೊಬ್ಬನ ಜೊತೆ ವಾಸವಾಗಿದ್ದೆ ಎಂದು ಹೇಳಿಕೊಳ್ಳುತ್ತಿದ್ದ ಮನುಷ್ಯ ಆತ.

ಬೋವಿ ಬೋಲನ್ನನನ್ನು ಹತ್ತಿರದಿಂದ ಬಲ್ಲವನು, ಆತನಿಂದ ಪಾಠ ಕಲಿತವನು. ಪತ್ರಿಕೆಗಳಿಗೆ ಬೇಕಾದದ್ದು ಬರೆಯಲು ಬರುವಂಥ ವಿಷಯ ಎಂಬುದನ್ನು ಆತ ಅರ್ಥಮಾಡಿಕೊಂಡಿದ್ದ. 1972ರ ಜನವರಿ 22ರ ‘ಮೆಲೊಡಿ ಮೇಕರ್’ ನಿಮ್ಮ ಟ್ರಂಕಿನಲ್ಲಿದ್ದರೆ ಜೋಪಾನ ಮಾಡಿ. ಅದರಲ್ಲಿ ಮೈಕಲ್ ವಾಟ್ಸ್ ಮಾಡಿದ ಸಂದರ್ಶನವಿದೆ. ತಾನು ಸಲಿಂಗಿ ಎಂದು ಬೋವಿ ಹೇಳಿಕೊಂಡದ್ದು ಅದರಲ್ಲೇ. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಭಾಗಶಃ ತೆಗೆದದ್ದು 1967ರಲ್ಲಿ; ಲಂಡನ್ನಿನಲ್ಲಿ ಸಲಿಂಗಿಗಳ ಹಕ್ಕಿಗಾಗಿ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದು 1972ರ ಜುಲೈ 1ರಂದು, ‘ಸ್ಟಾರ್‌ಮ್ಯಾನ್’ ಪ್ರಸಾರಕ್ಕೆ ಐದೇ ದಿನ ಮೊದಲು. ಆ ಹೊತ್ತಿನಲ್ಲಿ ಹೆಂಡತಿಯೂ ಎಳೆಯ ಮಗನೂ ಇದ್ದ ಗಾಯಕನೊಬ್ಬ ಹಾಗೆ ಹೇಳಿದ್ದರ ತೂಕವನ್ನು ಇಂದು ಊಹಿಸುವುದು ಕಷ್ಟ. ಅನೇಕ ಹುಡುಗ ಹುಡುಗಿಯರಿಗೆ ಅದು ಬದುಕಿನ ಬಾಗಿಲು ತೆರೆದ ಮಾತು. ಆದರೆ ವಾಟ್ಸ್ ಆ ಮಾತಿನ ಜೊತೆಗಿದ್ದ ತುಂಟ ನಗೆಯನ್ನೂ ಅದೇ ಬರಹದಲ್ಲಿ ದಾಖಲಿಸಿದ್ದಾರೆ. ಒಂದೇ ಸಾಲನ್ನು ಕಿತ್ತು ಉಲ್ಲೇಖಿಸುವವರು ಈ ನಗೆಯನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಕೈಯಲ್ಲಿ ಮೂಲವೇ ಇರುವುದರಿಂದ ಪೂರ್ತಿ ಪುಟ ಓದಿ ಬರೆಯಿರಿ.

ಬೋವಿಯ ವ್ಯವಸ್ಥಾಪಕ ಟೋನಿ ಡಿಫ್ರೀಸ್ ಪತ್ರಕರ್ತರನ್ನು ನಿಭಾಯಿಸಿದ ರೀತಿಯೂ ಲಕ್ಷ್ಯಕ್ಕೆ ಅರ್ಹ. 1972ರ ಜುಲೈಯಲ್ಲಿ ಅಮೆರಿಕದ ಪತ್ರಕರ್ತರ ಒಂದು ತಂಡವನ್ನೇ ವಿಮಾನದಲ್ಲಿ ಕರೆಸಿ, ಲಂಡನ್ನಿಗೆ ವಾಯವ್ಯದಲ್ಲಿರುವ ಏಲ್ಸ್‌ಬರಿ ಎಂಬ ಪಟ್ಟಣದಲ್ಲಿ ಕಾರ್ಯಕ್ರಮ ತೋರಿಸಲಾಯಿತು. ಮರುದಿನ ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಿನಲ್ಲಿ ಅಮೆರಿಕದ ರಾಕ್ ಗಾಯಕರಾದ ಲೂ ರೀಡ್ ಮತ್ತು ಇಗ್ಗಿ ಪಾಪ್ ಅವರನ್ನೂ ಜೊತೆಗಿರಿಸಿಕೊಂಡು ಸಂದರ್ಶನಗಳ ದರ್ಬಾರು ನಡೆಯಿತು. ಅಮೆರಿಕದಲ್ಲಿ ಆಗಿನ್ನೂ ದೊಡ್ಡ ಮಾರಾಟವಿಲ್ಲದ ಗಾಯಕನ ಮೇಲೆ ಇಷ್ಟು ಖರ್ಚು! ಈ ಪ್ರವಾಸದಿಂದ ಹುಟ್ಟಿದ ಬರಹಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆತಿಥ್ಯ ಯಾರದ್ದಾಗಿತ್ತು ಎಂಬುದನ್ನು ಮರೆಯಬಾರದು, ಅಷ್ಟೇ.

ಇದಕ್ಕೆ ಹೋಲಿಸಿದರೆ ಸ್ವೀಟ್ ಬಳಿ ಪತ್ರಿಕೆಗೆ ಕೊಡಲು ಕಥೆಯೇ ಇರಲಿಲ್ಲ. ಅವರ ಜನಪ್ರಿಯ ಹಾಡುಗಳನ್ನು ನಿಕ್ಕಿ ಚಿನ್ ಮತ್ತು ಮೈಕ್ ಚ್ಯಾಪ್ಮನ್ ಎಂಬ ಜೋಡಿ ಬರೆಯುತ್ತಿತ್ತು, ಮೊದಮೊದಲ ಸಿಂಗಲ್ಸ್‌ನಲ್ಲಿ ವಾದ್ಯ ನುಡಿಸಿದವರು ಸ್ಟುಡಿಯೊದ ಬಾಡಿಗೆ ಕಲಾವಿದರು. ತಾನೇ ಬರೆದು ತಾನೇ ನುಡಿಸುವವನೇ ಕಲಾವಿದ ಎಂದು ನಂಬಿದ್ದ ಪತ್ರಿಕೆಗೆ ಇಷ್ಟು ಸಾಕಾಗಿತ್ತು. ಆದರೆ ಅವರ ಸಿಂಗಲ್ಸ್‌ನ ಹಿಂಬದಿ ಹಾಕಿ ಕೇಳಿ: ಅಲ್ಲಿರುವುದು ತಂಡದವರೇ ಬರೆದು ನುಡಿಸಿದ ಗಡುಸು ರಾಕ್. ರೆಕಾರ್ಡು ಮಗುಚಿ ಹಾಕಿದ್ದರೆ ವಿಮರ್ಶಕರ ಅಭಿಪ್ರಾಯವೂ ಮಗುಚುತ್ತಿತ್ತೋ ಏನೋ. 1973ರ ‘ಬಾಲ್‌ರೂಮ್ ಬ್ಲಿಟ್ಜ್’ ಆ ವರ್ಷ ಹೊಗಳಿಸಿಕೊಂಡ ಎಷ್ಟೋ ಎಲ್‌ಪಿಗಳಿಗಿಂತ ಚೆನ್ನಾಗಿ ಬಾಳಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ರಾಕ್ಸಿ ಮ್ಯೂಸಿಕ್ ತಂಡದ ದಾರಿ ಇದಕ್ಕೆ ತದ್ವಿರುದ್ಧ. ಅವರಿಗೆ ರೆಕಾರ್ಡು ಕಂಪನಿಯೇ ಇನ್ನೂ ಸಿಕ್ಕಿರದಿದ್ದ ಕಾಲದಲ್ಲಿ, 1971ರ ಆಗಸ್ಟಿನಲ್ಲಿ, ‘ಮೆಲೊಡಿ ಮೇಕರ್’ನ ರಿಚರ್ಡ್ ವಿಲಿಯಮ್ಸ್ ಕೇವಲ ಒಂದು ಮಾದರಿ ಟೇಪು ಕೇಳಿ ಅವರ ಬಗ್ಗೆ ಬರೆದರು. ಗಿಟಾರ್ ವಾದಕ ಫಿಲ್ ಮ್ಯಾಂಜನೇರಾ ಈ ತಂಡವನ್ನು ಮೊದಲು ಸಂಪರ್ಕಿಸಿದ್ದು ಕೂಡ ಅದೇ ಪತ್ರಿಕೆಯ ಸಣ್ಣ ಜಾಹೀರಾತು ನೋಡಿ. ಮೊದಲ ಎಲ್‌ಪಿ 1972ರ ಜೂನಿನಲ್ಲಿ ಬಂದಿತು, ಅದರಲ್ಲಿಲ್ಲದ ಸಿಂಗಲ್ ‘ವರ್ಜಿನಿಯಾ ಪ್ಲೇನ್’ ಆಮೇಲೆ ಆಗಸ್ಟಿನಲ್ಲಿ ಬಂದು ನಾಲ್ಕನೆಯ ಸ್ಥಾನಕ್ಕೇರಿತು. ಮೊದಲು ಪತ್ರಿಕೆ, ಆಮೇಲೆ ಎಲ್‌ಪಿ, ಕೊನೆಗೆ ಸಿಂಗಲ್. ಈ ಕ್ರಮದಲ್ಲಿ ಬಂದವರಿಗೆ ಹುಲಿಚರ್ಮದ ಅಂಗಿಯನ್ನೂ ಕ್ಷಮಿಸಲಾಗುತ್ತಿತ್ತು. ಆದರೂ ಎಲ್ಲರೂ ಮಣಿಯಲಿಲ್ಲ. ಬಿಬಿಸಿಯ ಗಂಭೀರ ಕಾರ್ಯಕ್ರಮ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ನ ನಿರೂಪಕ ಬಾಬ್ ಹ್ಯಾರಿಸ್ ಅವರಿಗೆ ರಾಕ್ಸಿಯೂ ರುಚಿಸಲಿಲ್ಲ, 1973ರ ನವೆಂಬರಿನಲ್ಲಿ ಬಂದ ನ್ಯೂಯಾರ್ಕ್ ಡಾಲ್ಸ್ ತಂಡವನ್ನಂತೂ ಅವರು ಪರದೆಯ ಮೇಲೆಯೇ ನಕಲಿ ರಾಕ್ ಎಂಬರ್ಥದ ಪ್ರಾಸದ ಮಾತಿನಿಂದ ಲೇವಡಿ ಮಾಡಿದರು.

ನಿಮ್ಮ ಇನ್ನೊಂದು ಪತ್ರಿಕೆಯ ವಿಷಯದಲ್ಲಿ 1972 ಒಂದು ಗಡಿರೇಖೆ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಅದುವರೆಗೆ ಪಾಪ್ ತಾರೆಗಳ ಸುದ್ದಿಯ ಹಳೆಯ ಶೈಲಿಯ ಪತ್ರಿಕೆಯಾಗಿತ್ತು, ಓದುಗರನ್ನು ಕಳೆದುಕೊಂಡು ಮುಚ್ಚುವ ಅಂಚಿಗೆ ಬಂದಿತ್ತು. ಅದನ್ನು ಉಳಿಸಲು ಸಂಪಾದಕ ಅಲನ್ ಸ್ಮಿತ್ ಮತ್ತು ಅವರ ಸಹಾಯಕ ನಿಕ್ ಲೋಗನ್ ವ್ಯವಸ್ಥೆಯನ್ನು ಧಿಕ್ಕರಿಸಿ ನಡೆಯುತ್ತಿದ್ದ ‘ಭೂಗತ’ ಪತ್ರಿಕೆಗಳ ಹುಡುಗರನ್ನು ಕರೆತಂದರು: ನಿಕ್ ಕೆಂಟ್, ಚಾರ್ಲ್ಸ್ ಶಾರ್ ಮರ‍್ರಿ ಮೊದಲಾದವರು. ಮರ‍್ರಿಯಂತೂ ಶಾಲಾ ವಿದ್ಯಾರ್ಥಿಗಳು ಸಿದ್ಧಪಡಿಸಿದ ‘ಆಝ್’ ಎಂಬ ಅಂಥದೇ ಪತ್ರಿಕೆಯ ಸಂಚಿಕೆಯಲ್ಲಿ ಕೈಜೋಡಿಸಿದ್ದವರು. ಆ ಸಂಚಿಕೆಗಾಗಿ ಅದರ ಸಂಪಾದಕರು 1971ರಲ್ಲಿ ಅಶ್ಲೀಲತೆಯ ಮೊಕದ್ದಮೆ ಎದುರಿಸಬೇಕಾಯಿತು. ಇವರು ಬಂದ ಮೇಲೆ ಭಾಷೆ ಚುರುಕಾಯಿತು, ‘ನಾನು’ ಎಂಬುದು ವಿಮರ್ಶೆಯೊಳಗೆ ಬಂದು ಕುಳಿತಿತು, ಅಪಹಾಸ್ಯ ಒಂದು ಕಲೆಯಾಯಿತು. ಒಂದೆರಡು ವರ್ಷಗಳಲ್ಲಿ ಮಾರಾಟ ವಾರಕ್ಕೆ ಮೂರು ಲಕ್ಷ ಪ್ರತಿಗಳ ಹತ್ತಿರಕ್ಕೆ ಹೋಯಿತು. ಆದ್ದರಿಂದ 1971ರ ಸಂಚಿಕೆಯನ್ನೂ 1973ರ ಸಂಚಿಕೆಯನ್ನೂ ಒಂದೇ ಪತ್ರಿಕೆಯ ಅಭಿಪ್ರಾಯವೆಂದು ಒಟ್ಟಿಗೆ ಉಲ್ಲೇಖಿಸಬೇಡಿ. ಹೆಸರು ಒಂದೇ, ಮನೆ ಮಾತ್ರ ಬೇರೆ.

ಸ್ಲೇಡ್ ತಂಡವನ್ನು ಮಾತ್ರ ಯಾರ ಚೌಕಟ್ಟಿಗೂ ಸರಿಯಾಗಿ ಕೂರಿಸಲಾಗಲಿಲ್ಲ. ನಿಮ್ಮ ಸೋದರಮಾವನವರು ಇದ್ದ ಊರಿನ ಪಕ್ಕದ ವುಲ್ವರ್‌ಹ್ಯಾಂಪ್ಟನ್ ಸೀಮೆಯವರು ಇವರು. ದುಡಿಯುವ ಜನರ ಗಂಟಲು, ಕಾಲಲ್ಲಿ ಎತ್ತರದ ಬೂಟು. 1971ರಿಂದ 1973ರೊಳಗೆ ಆರು ಹಾಡುಗಳು ಮೊದಲ ಸ್ಥಾನಕ್ಕೇರಿದವು, ಅವುಗಳಲ್ಲಿ 1973ರ ಮೂರು ಹಾಡುಗಳು ಬಿಡುಗಡೆಯಾದ ವಾರವೇ ನೇರವಾಗಿ ಅಲ್ಲಿ ಹೋಗಿ ಕುಳಿತವು. ಹಾಡುಗಳ ಹೆಸರನ್ನು ಅವರು ತಮ್ಮ ಸೀಮೆಯ ಉಚ್ಚಾರದಂತೆ, ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದರು, ಮಕ್ಕಳ ಕಾಗುಣಿತ ಕೆಡುತ್ತದೆಂದು ಶಿಕ್ಷಕರು ದೂರಿದರು. ಲೇಖನ ಬರೆಯುವಾಗ ನಿಮಗಿಲ್ಲಿ ಒಂದು ತೊಡಕು ಎದುರಾಗುತ್ತದೆ. ‘ಕಾಜ್ ಐ ಲವ್ ಯು’ (Coz I Luv You) ಎಂದು ಕನ್ನಡದಲ್ಲಿ ಬರೆದ ಕೂಡಲೇ ತಪ್ಪು ಕಾಗುಣಿತವೇ ಮಾಯವಾಗುತ್ತದೆ. ನುಡಿದಂತೆ ಬರೆಯುವುದು ನಮ್ಮ ಲಿಪಿಗೆ ಸಹಜವಾದ್ದರಿಂದ ಅವರ ಕಿಡಿಗೇಡಿತನ ನಮ್ಮಲ್ಲಿ ಸಭ್ಯತೆಯಾಗಿಬಿಡುತ್ತದೆ. ಒಂದು ವಾಕ್ಯದಲ್ಲಿ ವಿವರಿಸದೆ ಗತ್ಯಂತರವಿಲ್ಲ.

ನಿಮ್ಮ ಟ್ರಂಕಿನಲ್ಲಿ ಇಲ್ಲದಿರುವುದರ ಬಗ್ಗೆಯೂ ಹೇಳಬೇಕು. ‘ಜ್ಯಾಕಿ’ಯಂಥ ಹುಡುಗಿಯರ ವಾರಪತ್ರಿಕೆಗಳು ಅದರಲ್ಲಿಲ್ಲ. ಬೋಲನ್, ಸ್ವೀಟ್ ಮೊದಲಾದವರಿಗೆ ನಿಜವಾದ ಮನೆ ಅಲ್ಲಿತ್ತು: ಗೋಡೆಗೆ ಅಂಟಿಸುವ ಬಣ್ಣದ ಚಿತ್ರ, ಇಷ್ಟದ ತಿಂಡಿ, ಸಾಕುನಾಯಿಯ ಹೆಸರು. ಆ ಬರಹಗಳನ್ನು ಕ್ಷುಲ್ಲಕವೆಂದು ಬಿಟ್ಟರೆ ಗ್ಲ್ಯಾಮ್‌ನ ಅರ್ಧ ಚರಿತ್ರೆಯೇ ಬಿಟ್ಟುಹೋಗುತ್ತದೆ. ಹಾಗೆಂದು ಅವು ನಿಷ್ಪಾಪವೂ ಅಲ್ಲ. ಗ್ಯಾರಿ ಗ್ಲಿಟರ್‌ನನ್ನು ಮಕ್ಕಳ ಅಚ್ಚುಮೆಚ್ಚಿನ ತಾರೆಯೆಂದು ಮೆರೆಸಿದ ಪುಟಗಳನ್ನು, ಮುಂದೆ ಆತ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಸೆರೆಮನೆ ಸೇರಿದ್ದನ್ನು ಬಲ್ಲ ನಾವು ಈಗ ಅದೇ ಕಣ್ಣಿನಿಂದ ಓದಲಾರೆವು. ಆತನ ಹೆಸರು ಬಂದಲ್ಲಿ ಈ ಸಂಗತಿಯನ್ನು ನೀವು ಬರೆಯಲೇಬೇಕು.

ನಂಬಿಕೆಯ ಪ್ರಶ್ನೆಗೆ ಕೊನೆಯದಾಗಿ ಒಂದು ಸಲಹೆ. ಅಭಿಪ್ರಾಯದ ಪುಟಗಳನ್ನು ಓದುವ ಮೊದಲು ಕಾರ್ಯಕ್ರಮಗಳ ಜಾಹೀರಾತುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಅವುಗಳಲ್ಲಿ ಹೊಗಳಿಕೆಯ ಮಾತು ಇದ್ದೇ ಇರುತ್ತದೆ, ಆದರೆ ಸಭಾಂಗಣ ಎಷ್ಟು ದೊಡ್ಡದು ಎಂಬುದನ್ನು ಯಾವ ಪ್ರಚಾರಕನೂ ಮುಚ್ಚಿಡಲಾರ. ಜಿಗ್ಗಿ ಎಂಬ ಕಲ್ಪಿತ ರಾಕ್ ತಾರೆಯ ವೇಷದ ಬೋವಿ 1972ರ ಫೆಬ್ರವರಿ 10ರಂದು ಹಾಡಿದ್ದು ಲಂಡನ್ನಿನ ಅಂಚಿನ ಟಾಲ್‌ವರ್ತ್‌ನಲ್ಲಿದ್ದ ಟೋಬಿ ಜಗ್ ಎಂಬ ಮದ್ಯದಂಗಡಿಯಲ್ಲಿ. 1973ರ ಮೇ 12ರಂದು ಆತ ಹಾಡಿದ್ದು ಲಂಡನ್ನಿನ ಭಾರಿ ಸಭಾಂಗಣವಾದ ಅರ್ಲ್ಸ್ ಕೋರ್ಟ್‌ನಲ್ಲಿ, ಸುಮಾರು 18,000 ಜನರ ಮುಂದೆ; ಧ್ವನಿವ್ಯವಸ್ಥೆ ಕೈಕೊಟ್ಟು, ಹಿಂದಿನವರಿಗೆ ವೇದಿಕೆ ಕಾಣದೆ, ಗಲಾಟೆಯಾಗಿ ಪತ್ರಿಕೆಗಳು ಆತನನ್ನು ತರಾಟೆಗೆ ತೆಗೆದುಕೊಂಡವು. ಈ ಎರಡು ದಿನಾಂಕಗಳ ನಡುವಿನ ಹದಿನೈದು ತಿಂಗಳ ಸಂಚಿಕೆಗಳು ನಿಮ್ಮಲ್ಲಿ ಪೂರ್ತಿಯಾಗಿದ್ದರೆ, ಲೇಖನವನ್ನು ಅಲ್ಲಿಂದಲೇ ಆರಂಭಿಸಿ.